ಮೊಳಕೆ ರಾಗಿಯ ಅಮೈಲೇಸ್ ಅಳೆಯುವ ಬಗೆ: ಟ್ಯೂಬಿನ ಬಣ್ಣದಿಂದ ನಂಬಬಹುದಾದ ಅಂಕಿಯವರೆಗೆ

ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾದರೆ ಸಾಕು, ಬೆಂಗಳೂರಿನ ಜೀವರಸಾಯನ ವಿಭಾಗಗಳ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಬಣ್ಣ ಚೆನ್ನಾಗಿಯೇ ಬಂತು. ಆದರೆ ನಿನ್ನೆಯ ಅಂಕಿಗೂ ಇವತ್ತಿನ ಅಂಕಿಗೂ ತಾಳೆಯಾಗುವುದಿಲ್ಲ. ಎಲ್ಲಿ ತಪ್ಪಿದೆ?" ಬಹುತೇಕ ಸಲ ತಪ್ಪು ಉಪಕರಣದಲ್ಲಿ ಇರುವುದಿಲ್ಲ. ಬಣ್ಣ ಬರಿಸುವುದು ಸುಲಭದ ಕೆಲಸ. ಆ ಬಣ್ಣ ಕಿಣ್ವದಿಂದಲೇ ಬಂದಿದೆ, ಬೇರೆ ಯಾವುದರಿಂದಲೂ ಅಲ್ಲ ಎಂದು ತೋರಿಸುವುದೇ ನಿಜವಾದ ಕೆಲಸ. ಈ ಲೇಖನದ ಹೆಚ್ಚು ಭಾಗ ಅದಕ್ಕೇ ಮೀಸಲು.

ಉದಾಹರಣೆಗೆ ಮೊಳಕೆ ರಾಗಿಯನ್ನು ತೆಗೆದುಕೊಂಡಿದ್ದೇನೆ. ಅದು ಅಗ್ಗ, ಎಲ್ಲ ಕಡೆ ಸಿಗುತ್ತದೆ, ಮತ್ತು ಅದರಲ್ಲಿ ಅಮೈಲೇಸ್ ಧಾರಾಳವಾಗಿದೆ. ಅಮೈಲೇಸ್ ಎಂದರೆ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್‌ನಂತಹ ಸಣ್ಣ ಸಕ್ಕರೆಗಳನ್ನಾಗಿ ಮಾಡುವ ಕಿಣ್ವ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಿಂದ ಮಾಡಿದ ಮಗುವಿನ ಸರಿ ಗಟ್ಟಿಯಾಗದೆ ತೆಳುವಾಗಿ ಉಳಿಯುವುದು ಈ ಕಿಣ್ವದಿಂದಲೇ.

ವಿಧಾನದ ಒಳಗುಟ್ಟು

ಪಿಷ್ಟ ತುಂಡಾದಾಗಲೆಲ್ಲ ಹೊಸದಾಗಿ ಒಂದು ಅಪಕರ್ಷಕ ತುದಿ, ಅಂದರೆ ಇನ್ನೊಂದು ವಸ್ತುವಿಗೆ ಎಲೆಕ್ಟ್ರಾನ್ ಕೊಡಬಲ್ಲ ತುದಿ, ಹುಟ್ಟುತ್ತದೆ. ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಡಿಎನ್‌ಎಸ್ ಎನ್ನುತ್ತಾರೆ. ಕ್ಷಾರದಲ್ಲಿ ಕುದಿಸಿದಾಗ ಹಳದಿ ಡಿಎನ್‌ಎಸ್ ಆ ತುದಿಗಳಿಂದ ಎಲೆಕ್ಟ್ರಾನ್ ಪಡೆದು ಕಿತ್ತಳೆಗೆಂಪಿಗೆ ತಿರುಗುತ್ತದೆ. ಈ ಬಣ್ಣದ ಗಾಢತೆಯನ್ನು 540 ನ್ಯಾನೋಮೀಟರ್ ಬೆಳಕಿನಲ್ಲಿ ಓದುತ್ತೇವೆ. ಓದಿದ ಅಂಕಿಯ ಹೆಸರು ಅಬ್ಸಾರ್ಬೆನ್ಸ್, ಅಂದರೆ ದ್ರಾವಣ ಎಷ್ಟು ಬೆಳಕನ್ನು ಹೀರಿತು ಎಂಬುದರ ಅಳತೆ.

ಮೂತ್ರದಲ್ಲಿನ ಸಕ್ಕರೆ ಅಳೆಯಲು ಈ ರಾಸಾಯನಿಕವನ್ನು 1921ರಲ್ಲಿ ಬಳಕೆಗೆ ತಂದವರು ಜೇಮ್ಸ್ ಸಮ್ನರ್. ಹುಡುಗನಾಗಿದ್ದಾಗ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡ ಇವರೇ 1926ರಲ್ಲಿ ಯೂರಿಯೇಸ್ ಕಿಣ್ವವನ್ನು ಹರಳಾಗಿಸಿದರು. ಕಿಣ್ವವೂ ಪ್ರೋಟೀನೇ ಎಂಬ ವಾದಕ್ಕೆ ಅದರಿಂದ ಬಲ ಬಂತು, 1946ರಲ್ಲಿ ನೊಬೆಲ್ ಕೂಡ ಬಂತು.

ಬೇಕಾಗುವ ಸಾಮಾನು

540 ನ್ಯಾನೋಮೀಟರ್ ಓದುವ ಸ್ಪೆಕ್ಟ್ರೋಫೋಟೋಮೀಟರ್, ಇಲ್ಲವೇ ಹಸಿರು ಫಿಲ್ಟರ್ ಇರುವ ಸಾಧಾರಣ ಕಲರಿಮೀಟರ್. ಎರಡು ವಾಟರ್ ಬಾತ್, ಒಂದು 37 ಡಿಗ್ರಿಗೆ, ಇನ್ನೊಂದು ಕುದಿಯಲು. ಸೆಂಟ್ರಿಫ್ಯೂಜ್, ಪಿಂಗಾಣಿಯ ಒರಳು ಮತ್ತು ಕುಟ್ಟಾಣಿ, ಮಂಜುಗಡ್ಡೆ, ಸ್ಟಾಪ್‌ವಾಚ್, ನಂಬಿಕೆಯ ಪಿಪೆಟ್‌ಗಳು. ರಾಸಾಯನಿಕಗಳಲ್ಲಿ ಡಿಎನ್‌ಎಸ್, ಸೋಡಿಯಂ ಹೈಡ್ರಾಕ್ಸೈಡ್, ರೋಷೆಲ್ ಲವಣ (ಸೋಡಿಯಂ ಪೊಟ್ಯಾಸಿಯಂ ಟಾರ್ಟ್ರೇಟ್), ಕರಗುವ ಪಿಷ್ಟ, ಮಾಲ್ಟೋಸ್, ಸೋಡಿಯಂ ಅಸಿಟೇಟ್, ಅಸಿಟಿಕ್ ಆಮ್ಲ, ಕ್ಯಾಲ್ಸಿಯಂ ಕ್ಲೋರೈಡ್.

ನೀರಿನ ವಿಷಯದಲ್ಲಿ ರಾಜಿ ಬೇಡ. ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ಬೆಳಿಗ್ಗೆ ಕಾವೇರಿ ನೀರು, ಮಧ್ಯಾಹ್ನ ಕೊಳವೆಬಾವಿಯ ಗಡಸು ನೀರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಅಮೈಲೇಸ್‌ನ ಒಂದು ಬಗೆಯಾದ ಆಲ್ಫಾ ಅಮೈಲೇಸ್‌ನ ಸ್ಥಿರತೆಯನ್ನೇ ಬದಲಿಸಬಲ್ಲದು. ಬಫರ್‌ಗೂ ರಾಗಿ ನೆನೆಸುವುದಕ್ಕೂ ಬಟ್ಟಿ ಇಳಿಸಿದ ನೀರನ್ನೇ ಬಳಸಿ.

ಹಂತ 1: ದ್ರಾವಣಗಳ ತಯಾರಿ

ಬಫರ್, ಅಂದರೆ ಪಿಎಚ್ ಕದಲದಂತೆ ಹಿಡಿದಿಡುವ ದ್ರಾವಣ: 50 ಮಿಲಿಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 5.0, ಜೊತೆಗೆ 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಜೊಲ್ಲಿನ ಅಮೈಲೇಸ್‌ಗೆ ಬರೆದ ವಿಧಾನಗಳಲ್ಲಿ ಪಿಎಚ್ 6.9ರ ಫಾಸ್ಫೇಟ್ ಬಫರ್ ಇರುತ್ತದೆ. ಅದನ್ನು ರಾಗಿಗೆ ಹಾಗೆಯೇ ಎತ್ತಿಕೊಳ್ಳಬೇಡಿ. ಧಾನ್ಯದ ಅಮೈಲೇಸ್‌ಗಳಿಗೆ ಹುಳಿ ಕಡೆಯ ಪಿಎಚ್ ಒಗ್ಗುತ್ತದೆ. ಮೇಲಾಗಿ ಫಾಸ್ಫೇಟ್‌ಗೆ ಕ್ಯಾಲ್ಸಿಯಂ ಸೇರಿಸಿದರೆ ಎರಡೂ ಕೂಡಿ ಬಿಳಿಯ ಗಷ್ಟಾಗಿ ತಳಕ್ಕಿಳಿಯುತ್ತವೆ.

ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಕೆಲಸ ಮಾಡುವ ವಸ್ತು: ಇಲ್ಲಿ 1 ಶೇಕಡಾ ಪಿಷ್ಟ. 1 ಗ್ರಾಂ ಕರಗುವ ಪಿಷ್ಟವನ್ನು ಸ್ವಲ್ಪ ತಣ್ಣನೆಯ ಬಫರಿನಲ್ಲಿ ಕದಡಿ, ಕುದಿಯುತ್ತಿರುವ ಬಫರಿಗೆ ಕೈಯಾಡಿಸುತ್ತ ಸುರಿಯಿರಿ. ತಿಳಿಯಾದ ಮೇಲೆ ಆರಿಸಿ 100 ಮಿ.ಲೀ. ಮಾಡಿ. ಇದು ಆ ದಿನದ ಬಳಕೆಗೆ ಮಾತ್ರ. ಮರುದಿನಕ್ಕೆ ಪಿಷ್ಟ ಗಡ್ಡೆಕಟ್ಟುತ್ತದೆ, ಸೂಕ್ಷ್ಮಜೀವಿಗಳೂ ಅದನ್ನು ತಿನ್ನತೊಡಗಿರುತ್ತವೆ.

ಡಿಎನ್‌ಎಸ್ ದ್ರಾವಣ: 1 ಗ್ರಾಂ ಡಿಎನ್‌ಎಸ್ ಅನ್ನು 20 ಮಿ.ಲೀ. 2 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತು 50 ಮಿ.ಲೀ. ನೀರಿನಲ್ಲಿ ಕರಗಿಸಿ. ಅದಕ್ಕೆ 30 ಗ್ರಾಂ ರೋಷೆಲ್ ಲವಣ ಸೇರಿಸಿ, ನೀರಿನಿಂದ 100 ಮಿ.ಲೀ.ಗೆ ತುಂಬಿಸಿ. ಕಂದು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕ್ಷಾರವನ್ನು ಕುಗ್ಗಿಸುತ್ತದೆ. ಕನ್ನಡಕ ಮತ್ತು ಕೈಗವಸು ಕಡ್ಡಾಯ. ಹಳೆಯ ಪಾಕಗಳಲ್ಲಿ ಫೀನಾಲ್ ಸೇರಿಸುವ ಪದ್ಧತಿ ಇದೆ. ಈ ಕೆಲಸಕ್ಕೆ ಅದರ ಅಗತ್ಯವಿಲ್ಲ, ಚರ್ಮ ಸುಡುವ ಅಪಾಯವನ್ನು ಸುಮ್ಮನೆ ಮೈಮೇಲೆ ಎಳೆದುಕೊಳ್ಳಬೇಡಿ.

ಮಾಲ್ಟೋಸ್ ದ್ರಾವಣ: 10 ಮಿಲಿಮೋಲಾರ್. ಇಲ್ಲಿ ಬಾಟಲಿಯ ಚೀಟಿ ಓದಲೇಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ನೀರಿನ ಅಣು ಕೂಡಿರುವ ಮಾನೋಹೈಡ್ರೇಟ್, ಅದರ ಅಣುತೂಕ 360.3. ಒಣ ಮಾಲ್ಟೋಸ್‌ನದು 342.3. ಒಂದರ ಬದಲು ಇನ್ನೊಂದರ ಲೆಕ್ಕ ಹಿಡಿದರೆ ನಿಮ್ಮ ಎಲ್ಲ ಅಂಕಿಗಳೂ ಸುಮಾರು 5 ಶೇಕಡಾ ತಪ್ಪುತ್ತವೆ. ಮಾನೋಹೈಡ್ರೇಟ್ ಆದರೆ ಬಫರಿನಲ್ಲಿ 100 ಮಿ.ಲೀ.ಗೆ 360 ಮಿಲಿಗ್ರಾಂ.

ಹಂತ 2: ರಾಗಿ ಮೊಳಕೆ ಮತ್ತು ಕಿಣ್ವದ ರಸ

ರಾಗಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ದಿನ ಮೊಳೆಯಲು ಬಿಡಿ. ತಳಿಯ ಹೆಸರು ಬರೆದಿಟ್ಟುಕೊಳ್ಳಿ. ಜಿ.ಕೆ.ವಿ.ಕೆ.ಯ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ) ಜಿಪಿಯು-28 ತಳಿಯ ಫಲಿತಾಂಶವನ್ನು ಮಾರುಕಟ್ಟೆಯ ಹೆಸರಿಲ್ಲದ ರಾಗಿಯ ಜೊತೆ ಹೋಲಿಸಿದರೆ ಅರ್ಥವಿಲ್ಲ. ಬಿತ್ತನೆ ಬೀಜ ತಂದರೆ ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿದ್ದಾರೆಯೇ ಎಂದು ಕೇಳಿ. ಲೇಪಿಸಿದ ಬೀಜದ ಮೊಳಕೆ ಅಡುಗೆಮನೆಗೆ ಹೋಗಲೇಬಾರದು.

ಬೂಷ್ಟು ಹಿಡಿದ ಮೊಳಕೆಯನ್ನು ನಿರ್ದಾಕ್ಷಿಣ್ಯವಾಗಿ ಎಸೆಯಿರಿ. ಬೂಷ್ಟೂ ಅಮೈಲೇಸ್ ಸುರಿಸುತ್ತದೆ. ನೀವು ಅಳೆಯುತ್ತಿರುವುದು ರಾಗಿಯ ಕಿಣ್ವವೋ ಶಿಲೀಂಧ್ರದ ಕಿಣ್ವವೋ ಎಂದು ಆಮೇಲೆ ಯಾವ ಲೆಕ್ಕದಿಂದಲೂ ಬೇರ್ಪಡಿಸಲಾಗುವುದಿಲ್ಲ. ಮಳೆಗಾಲದ ತೇವದಲ್ಲಿ ಇದರ ಕಾಟ ಹೆಚ್ಚು.

1 ಗ್ರಾಂ ಮೊಳಕೆ ತೂಗಿ, ಮಂಜುಗಡ್ಡೆಯ ಮೇಲಿಟ್ಟ ಒರಳಿನಲ್ಲಿ ತಣ್ಣನೆಯ ಬಫರ್ ಹಾಕುತ್ತ ನುಣ್ಣಗೆ ಅರೆಯಿರಿ. ಒಟ್ಟು 10 ಮಿ.ಲೀ.ಗೆ ತುಂಬಿಸಿ, 10,000 ಜಿ ಬಲದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಜಿ ಬಲ ಬೇರೆ, ನಿಮಿಷಕ್ಕೆ ಸುತ್ತು ಬೇರೆ. ಒಂದೇ ಸುತ್ತಿನಲ್ಲಿ ತಿರುಗಿದರೂ ರೋಟರ್ ದೊಡ್ಡದಾದಷ್ಟು ಬಲ ಹೆಚ್ಚು. ಜೊತೆಗೆ ಇನ್ನೊಂದು ಪಾಲು ಮೊಳಕೆಯನ್ನು 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ ಒಣತೂಕ ನೋಡಿ. ಮೊಳಕೆಯಲ್ಲಿ ನೀರಿನ ಅಂಶ ದಿನದಿಂದ ದಿನಕ್ಕೆ ಏರುವುದರಿಂದ ಹಸಿ ತೂಕವೊಂದೇ ದಾರಿ ತಪ್ಪಿಸುತ್ತದೆ.

ರಾಗಿಯ ಸಿಪ್ಪೆಯ ಕಂದು ಪಾಲಿಫೀನಾಲ್‌ಗಳು ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕಟ್ಟಿಹಾಕಬಲ್ಲವು. ಕಂದಾಗುವುದನ್ನು ತಡೆಯಲು ಆಸ್ಕಾರ್ಬಿಕ್ ಆಮ್ಲ ಅಥವಾ ಮರ್ಕ್ಯಾಪ್ಟೋಎಥನಾಲ್ ಸೇರಿಸಿ ಎಂಬ ಸಲಹೆ ನಿಮಗೆ ಸಿಕ್ಕಿರಬಹುದು. ಡಿಎನ್‌ಎಸ್ ವಿಧಾನದಲ್ಲಿ ಅದು ಬೇಡವೇ ಬೇಡ: ಅವು ತಾವೇ ಅಪಕರ್ಷಕಗಳು, ಸಕ್ಕರೆಯಿಲ್ಲದೆಯೂ ಬಣ್ಣ ತರುತ್ತವೆ. ಬದಲಿಗೆ ಅರೆಯುವಾಗ ನೀರಿನಲ್ಲಿ ಕರಗದ ಪಾಲಿವಿನೈಲ್ ಪಾಲಿಪಿರೊಲಿಡೋನ್ ಪುಡಿ ಹಾಕಿ. ಅದು ಫೀನಾಲ್‌ಗಳನ್ನು ಹಿಡಿದುಕೊಂಡು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕೆ ಕೂರುತ್ತದೆ.

ಹಂತ 3: ಮಾಲ್ಟೋಸ್ ಮಾನಕ ರೇಖೆ

ಗೊತ್ತಿರುವ ಸಕ್ಕರೆ ಎಷ್ಟು ಬಣ್ಣ ಕೊಡುತ್ತದೆ ಎಂದು ಮೊದಲು ತಿಳಿಯಬೇಕು. ಟ್ಯೂಬ್‌ಗಳಿಗೆ 0, 0.05, 0.1, 0.2, 0.3, 0.4, 0.5 ಮಿ.ಲೀ. ಮಾಲ್ಟೋಸ್ ಹಾಕಿ, ಬಫರಿನಿಂದ 0.5 ಮಿ.ಲೀ. ಮಾಡಿ, ತಲಾ 0.5 ಮಿ.ಲೀ. ಪಿಷ್ಟ ಸೇರಿಸಿ. ಈಗ 0ಯಿಂದ 5 ಮೈಕ್ರೋಮೋಲ್‌ವರೆಗೆ ಮಾಲ್ಟೋಸ್ ಇದೆ. ಪಿಷ್ಟ ಏಕೆ ಎಂದರೆ, ಮುಂದೆ ಮಾದರಿಯ ಟ್ಯೂಬಿನಲ್ಲಿ ಇರುವುದೆಲ್ಲ ಮಾನಕದಲ್ಲೂ ಇರಬೇಕು. 1 ಮಿ.ಲೀ. ಡಿಎನ್‌ಎಸ್ ಹಾಕಿ, ಕುದಿಯುವ ನೀರಿನಲ್ಲಿ 10 ನಿಮಿಷ ಇಟ್ಟು, ತಣ್ಣೀರಿನಲ್ಲಿ ಆರಿಸಿ, 5 ಮಿ.ಲೀ. ನೀರು ಬೆರೆಸಿ 540ರಲ್ಲಿ ಓದಿ. ಮೇಲಿನ ಅಂಕಿ 1 ದಾಟಿದರೆ ಎಲ್ಲ ಟ್ಯೂಬ್‌ಗಳಿಗೂ, ಮುಂದೆ ಬರುವ ಮಾದರಿಗಳಿಗೂ, ಒಂದೇ ಸಮನಾಗಿ ಹೆಚ್ಚು ನೀರು ಬೆರೆಸಿ.

ಬೆಂಗಳೂರಿಗೇ ಸೇರಿದ ಒಂದು ಮಾತು ಇಲ್ಲಿದೆ. ಊರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಮೇಲಿರುವುದರಿಂದ ನಮ್ಮ ನೀರು 100 ಡಿಗ್ರಿಯಲ್ಲಿ ಅಲ್ಲ, ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಡಿಎನ್‌ಎಸ್ ಬಣ್ಣ ಕಟ್ಟುವುದು ಕಾವು ಮತ್ತು ಸಮಯ ಎರಡನ್ನೂ ಅವಲಂಬಿಸಿದೆ. ಮಂಗಳೂರಿನ ಸ್ನೇಹಿತರ ಮಾನಕ ರೇಖೆಯನ್ನು ಎರವಲು ತರುವುದು, 5 ನಿಮಿಷ ಎಂದಿರುವ ಪಾಕವನ್ನು ಕಣ್ಣುಮುಚ್ಚಿ ಅನುಸರಿಸುವುದು ಎರಡೂ ಬೇಡ. 10 ನಿಮಿಷ ಎಂದು ಗೊತ್ತುಮಾಡಿಕೊಂಡರೆ ಮಾನಕಕ್ಕೂ ಮಾದರಿಗೂ ಅದೇ ಇರಲಿ. ಸಾಧ್ಯವಾದರೆ ಎಲ್ಲವನ್ನೂ ಒಂದೇ ಸ್ಟ್ಯಾಂಡಿನಲ್ಲಿ ಒಟ್ಟಿಗೆ ಕುದಿಸಿ.

ರೇಖೆ ಸೊನ್ನೆಯಿಂದ ಹೊರಡದೆ ಸ್ವಲ್ಪ ಬಲಕ್ಕೆ ಸರಿದಿದ್ದರೆ ಗಾಬರಿಯಾಗಬೇಡಿ. ತೀರ ಕಡಿಮೆ ಸಕ್ಕರೆ ಇದ್ದಾಗ ಅದರ ಒಂದು ಪಾಲು ಬಣ್ಣ ಕೊಡದೆ ನಾಶವಾಗುವುದು ಈ ವಿಧಾನದ ಸ್ವಭಾವ. ಸ್ಪ್ರೆಡ್‌ಶೀಟ್‌ನಲ್ಲಿ ರೇಖೆಯನ್ನು ಬಲವಂತವಾಗಿ ಸೊನ್ನೆಯ ಮೂಲಕ ಹಾಯಿಸಬೇಡಿ. ನೇರವಾಗಿರುವ ಭಾಗದ ಇಳಿಜಾರನ್ನು, ಅಂದರೆ ಪ್ರತಿ ಮೈಕ್ರೋಮೋಲ್‌ಗೆ ಏರುವ ಅಬ್ಸಾರ್ಬೆನ್ಸನ್ನು, ಬರೆದಿಟ್ಟುಕೊಳ್ಳಿ. ಡಿಎನ್‌ಎಸ್ ಬಾಟಲಿ ಹೊಸದಾದರೆ ರೇಖೆಯೂ ಹೊಸದಾಗಬೇಕು.

ಹಂತ 4: ಕಂಟ್ರೋಲ್‌ಗಳು

ಅವಸರದಲ್ಲಿ ಎಲ್ಲರೂ ಕತ್ತರಿ ಹಾಕುವುದು ಈ ಹಂತಕ್ಕೆ, ಅಂಕಿಗಳು ಹಾಳಾಗುವುದೂ ಇಲ್ಲಿಯೇ. ಮೊಳಕೆಯ ರಸದಲ್ಲಿ ಕಿಣ್ವ ಕೆಲಸ ಶುರುಮಾಡುವ ಮೊದಲೇ ಸಕ್ಕರೆ ಇರುತ್ತದೆ. ಮೊಳಕೆ ಕಟ್ಟುವುದೆಂದರೆ ಪಿಷ್ಟ ಸಕ್ಕರೆಯಾಗುವುದೇ. ಜೊತೆಗೆ ರಸಕ್ಕೆ ತನ್ನದೇ ಕಂದು ಛಾಯೆ, ಪಿಷ್ಟಕ್ಕೆ ತನ್ನದೇ ಅಪಕರ್ಷಕ ತುದಿಗಳು. ಇವೆಲ್ಲವನ್ನೂ ಕಿಣ್ವದ ಲೆಕ್ಕಕ್ಕೆ ಸೇರಿಸಿಬಿಟ್ಟರೆ ದೊಡ್ಡ ಸಂಖ್ಯೆ ಸಿಗುತ್ತದೆ, ಆದರೆ ಅದು ಸುಳ್ಳು ಸಂಖ್ಯೆ.

ಬ್ಲ್ಯಾಂಕ್: ಬಫರ್, ಪಿಷ್ಟ, ಡಿಎನ್‌ಎಸ್ ಮಾತ್ರ. ಉಪಕರಣವನ್ನು ಸೊನ್ನೆಗೆ ತರಲು.

ಸೊನ್ನೆ ಕಾಲದ ಕಂಟ್ರೋಲ್: ಮೊದಲು ಪಿಷ್ಟಕ್ಕೆ ಡಿಎನ್‌ಎಸ್ ಹಾಕಿ, ಆಮೇಲೆ ರಸ ಹಾಕಿ. ಡಿಎನ್‌ಎಸ್‌ನ ಕ್ಷಾರ ಕಿಣ್ವವನ್ನು ಆ ಕ್ಷಣವೇ ನಿಲ್ಲಿಸುತ್ತದೆ. ಹಾಗಾಗಿ ಮಾದರಿಯಲ್ಲಿ ಇರುವುದೆಲ್ಲ ಇಲ್ಲಿಯೂ ಇದೆ, ಕಿಣ್ವದ ಕೆಲಸವೊಂದನ್ನು ಬಿಟ್ಟು. ಪ್ರತಿಯೊಂದು ರಸಕ್ಕೂ ಪ್ರತ್ಯೇಕ ಕಂಟ್ರೋಲ್ ಬೇಕು. ಮೊದಲ ದಿನದ ಮೊಳಕೆಯ ಕಂಟ್ರೋಲನ್ನು ಮೂರನೆಯ ದಿನದ ಮೊಳಕೆಗೆ ಕಳೆಯಬಾರದು, ಎರಡರ ಸಕ್ಕರೆ ಒಂದೇ ಅಲ್ಲ.

ಕುದಿಸಿದ ರಸ: ರಸವನ್ನು 10 ನಿಮಿಷ ಕುದಿಸಿ, ಆರಿಸಿ, ಮಾದರಿಯಂತೆಯೇ ಪಿಷ್ಟದ ಜೊತೆ ಇಡಿ. ಇಲ್ಲಿಯೂ ಸಕ್ಕರೆ ಏರುತ್ತಿದ್ದರೆ ಅದು ನಿಮ್ಮ ಕಿಣ್ವದ ಕೆಲಸವಲ್ಲ, ಕಾರಣ ಹುಡುಕಿ.

ಚೇತರಿಕೆ ಪರೀಕ್ಷೆ: ಸೊನ್ನೆ ಕಾಲದ ಕಂಟ್ರೋಲ್‌ನಂತೆಯೇ ಇನ್ನೊಂದು ಟ್ಯೂಬ್ ಮಾಡಿ, ಅದರಲ್ಲಿ ಬಫರಿನ ಒಂದು ಭಾಗದ ಬದಲು 2 ಮೈಕ್ರೋಮೋಲ್ ಮಾಲ್ಟೋಸ್ ಹಾಕಿ. ಇದಕ್ಕಾಗಿ ಎರಡೂ ಟ್ಯೂಬ್‌ಗಳಲ್ಲಿ ರಸವನ್ನು 0.3 ಮಿ.ಲೀ.ಗೆ ಇಳಿಸಿ, ಉಳಿದ 0.2 ಮಿ.ಲೀ. ಒಂದರಲ್ಲಿ ಬಫರ್, ಇನ್ನೊಂದರಲ್ಲಿ ಮಾಲ್ಟೋಸ್. ಎರಡರ ವ್ಯತ್ಯಾಸ 2ಕ್ಕೆ ಹತ್ತಿರವಿರಬೇಕು. 1.4 ಬಂದರೆ ರಸದಲ್ಲಿರುವ ಯಾವುದೋ ವಸ್ತು ಬಣ್ಣವನ್ನು ತಡೆಯುತ್ತಿದೆ, ನಿಮ್ಮ ಕಿಣ್ವದ ಅಂಕಿಯೂ ಅದೇ ಪ್ರಮಾಣದಲ್ಲಿ ಕುಗ್ಗಿ ಬರುತ್ತಿದೆ. ಪ್ರಾಜೆಕ್ಟ್ ವರದಿಗಳಲ್ಲಿ ಈ ಪರೀಕ್ಷೆ ಕಾಣುವುದು ಅಪರೂಪ. ನನ್ನ ಮಟ್ಟಿಗೆ ಇದಿಲ್ಲದ ಅಂಕಿಯ ಮೇಲೆ ಭರವಸೆ ಇಡುವುದು ಕಷ್ಟ.

ಕಂಟ್ರೋಲೇ ಕಡುಕೆಂಪಾಗಿ ಬಂದರೆ ರಸದ ಸ್ವಂತ ಸಕ್ಕರೆ ವಿಪರೀತವಾಗಿದೆ ಎಂದರ್ಥ. ಆಗ ರಸವನ್ನು ಡಯಾಲಿಸಿಸ್ ಮಾಡಿ, ಅಂದರೆ ಸಣ್ಣ ರಂಧ್ರದ ಪೊರೆಚೀಲದಲ್ಲಿ ತುಂಬಿ ತಣ್ಣನೆಯ ಬಫರಿನಲ್ಲಿ ಇಟ್ಟು ಸಕ್ಕರೆ ಹೊರಹೋಗಲು ಬಿಡಿ. ಆ ಬಫರಿನಲ್ಲೂ ಕ್ಯಾಲ್ಸಿಯಂ ಇರಲಿ.

ಹಂತ 5: ಸಮಯದ ಪರೀಕ್ಷೆ

ಎಷ್ಟು ಹೊತ್ತು ಇಡಬೇಕು ಎಂಬುದನ್ನು ಯಾವ ಪುಸ್ತಕವೂ ನಿಮ್ಮ ರಸಕ್ಕಾಗಿ ಹೇಳಲಾರದು, ನೀವೇ ಕಂಡುಕೊಳ್ಳಬೇಕು. 4 ಮಿ.ಲೀ. ಪಿಷ್ಟ ಮತ್ತು 4 ಮಿ.ಲೀ. ದುರ್ಬಲಗೊಳಿಸಿದ ರಸವನ್ನು ಬೇರೆ ಬೇರೆಯಾಗಿ 37 ಡಿಗ್ರಿಯಲ್ಲಿ 5 ನಿಮಿಷ ಇಟ್ಟು ಬೆರೆಸಿ. ಬೆರೆಸಿದ ಕೂಡಲೇ, ಬಳಿಕ 2, 4, 6, 8, 10ನೇ ನಿಮಿಷಕ್ಕೆ ತಲಾ 1 ಮಿ.ಲೀ. ತೆಗೆದು, 1 ಮಿ.ಲೀ. ಡಿಎನ್‌ಎಸ್ ಹಾಕಿಟ್ಟಿರುವ ಟ್ಯೂಬಿಗೆ ಸುರಿಯಿರಿ. ಎಲ್ಲವನ್ನೂ ಒಟ್ಟಿಗೆ ಕುದಿಸಿ ಓದಿ, ಗ್ರಾಫ್ ಬರೆಯಿರಿ.

ಗೆರೆ ನೇರವಾಗಿ ಏರಿದಷ್ಟು ಹೊತ್ತು ಮಾತ್ರ ಕಿಣ್ವದ ನಿಜವಾದ ವೇಗ ಕಾಣುತ್ತದೆ. ಬಾಗಿದ ಮೇಲೆ ನೀವು ಅಳೆಯುವುದು ಕಿಣ್ವವನ್ನಲ್ಲ, ಖಾಲಿಯಾಗುತ್ತಿರುವ ಪಿಷ್ಟವನ್ನು. ಒಂದು ಲೆಕ್ಕ ಮಾಡಿ ನೋಡಿ: 0.5 ಮಿ.ಲೀ. ದ್ರಾವಣದಲ್ಲಿ 5 ಮಿಲಿಗ್ರಾಂ ಪಿಷ್ಟ ಇದೆ, ಅದಷ್ಟೂ ಮಾಲ್ಟೋಸ್ ಆದರೆ ಸುಮಾರು 15 ಮೈಕ್ರೋಮೋಲ್. ಹತ್ತರಲ್ಲಿ ಒಂದು ಪಾಲು, ಅಂದರೆ 1.5 ಮೈಕ್ರೋಮೋಲ್ ದಾಟದಂತೆ ನೋಡಿಕೊಂಡರೆ ಕ್ಷೇಮ. ದಾಟುತ್ತಿದ್ದರೆ ಸಮಯ ಇಳಿಸಿ, ಇಲ್ಲವೇ ರಸಕ್ಕೆ ಇನ್ನಷ್ಟು ಬಫರ್ ಬೆರೆಸಿ. ಕಡುಗೆಂಪು ಬಂದಿತೆಂದು ಸಂತೋಷಪಡುವವರು ಈ ಲೆಕ್ಕವನ್ನು ದಯವಿಟ್ಟು ಒಮ್ಮೆ ಮಾಡಬೇಕು. ಓದಿದ ಮೇಲೆ ಟ್ಯೂಬಿಗೆ ನೀರು ಬೆರೆಸಿ ಬಣ್ಣ ತಿಳಿಮಾಡಿದರೆ ಅಬ್ಸಾರ್ಬೆನ್ಸ್ ಇಳಿಯುತ್ತದೆಯೇ ಹೊರತು ತೀರಿಹೋದ ಪಿಷ್ಟ ಮರಳಿ ಬರುವುದಿಲ್ಲ.

ಇದರ ಜೋಡಿ ಪರೀಕ್ಷೆಯೂ ಇದೆ: ರಸವನ್ನು ಅರ್ಧಕ್ಕೆ ಇಳಿಸಿದರೆ ವೇಗವೂ ಅರ್ಧವಾಗಬೇಕು. ಆಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

37 ಡಿಗ್ರಿ ಏಕೆ? ಸಾಧಾರಣ ವಾಟರ್ ಬಾತ್ ಕಾಯಿಸಬಲ್ಲದು, ತಣಿಸಲಾರದು. 30ಕ್ಕೆ ಇಟ್ಟರೆ ಏಪ್ರಿಲ್ ಮಧ್ಯಾಹ್ನ ಕೋಣೆಯೇ ಅದಕ್ಕಿಂತ ಬಿಸಿಯಾಗಿರುತ್ತದೆ. 'ಕೋಣೆಯ ಉಷ್ಣಾಂಶ' ಎಂದು ಬರೆಯುವುದಂತೂ ಬೇಡ, ಜನವರಿಯ ಬೆಳಗಿನ ಕೋಣೆ ಬೇರೆ, ಏಪ್ರಿಲ್‌ನ ಕೋಣೆ ಬೇರೆ. ನಡುವೆ ಕರೆಂಟ್ ಹೋದರೆ ಆ ಸುತ್ತನ್ನು ಬಿಟ್ಟು ಮತ್ತೆ ಮಾಡಿ.

ಹಂತ 6: ಅಸಲಿ ಅಳತೆ

0.5 ಮಿ.ಲೀ. ಪಿಷ್ಟ, 0.5 ಮಿ.ಲೀ. ರಸ, 37 ಡಿಗ್ರಿ, 5 ನಿಮಿಷ (ಅಥವಾ ನಿಮ್ಮ ಗ್ರಾಫ್ ಹೇಳಿದಷ್ಟು), 1 ಮಿ.ಲೀ. ಡಿಎನ್‌ಎಸ್, ಕುದಿಸುವುದು, ಆರಿಸುವುದು, 5 ಮಿ.ಲೀ. ನೀರು, ಓದುವುದು. ಟ್ಯೂಬ್‌ಗಳನ್ನು 30 ಸೆಕೆಂಡಿನ ಅಂತರದಲ್ಲಿ ಶುರುಮಾಡಿ ಅದೇ ಅಂತರದಲ್ಲಿ ನಿಲ್ಲಿಸಿ. ಪೂರ್ತಿ ಆರಿದ ಮೇಲೆಯೇ ಓದಿ, ಬಿಸಿ ದ್ರಾವಣದ ಬಣ್ಣ ಬೇರೆ. ಮಬ್ಬಾಗಿದ್ದರೆ ಓದುವ ಮೊದಲು ಸೆಂಟ್ರಿಫ್ಯೂಜ್ ಮಾಡಿ, ಏಕೆಂದರೆ ಮಬ್ಬನ್ನೂ ಉಪಕರಣ ಬಣ್ಣವೆಂದೇ ಲೆಕ್ಕ ಹಿಡಿಯುತ್ತದೆ.

ಒಂದೇ ರಸದ ಮೂರು ಟ್ಯೂಬ್ ಎಂದರೆ ಮೂರು ಮಾದರಿ ಅಲ್ಲ, ಅದು ನಿಮ್ಮ ಪಿಪೆಟ್‌ನ ಪರೀಕ್ಷೆ ಅಷ್ಟೇ. ರಾಗಿಯ ಬಗ್ಗೆ ಏನಾದರೂ ಹೇಳಬೇಕೆಂದರೆ ಬೇರೆ ಬೇರೆಯಾಗಿ ನೆನೆಸಿ ಮೊಳಕೆ ಕಟ್ಟಿದ ಕನಿಷ್ಠ ಮೂರು ಗಂಟುಗಳು ಬೇಕು.

ಹಂತ 7: ಲೆಕ್ಕ

ಒಂದು ಯೂನಿಟ್ ಎಂದರೆ ನಿಮಿಷಕ್ಕೆ 1 ಮೈಕ್ರೋಮೋಲ್ ಮಾಲ್ಟೋಸ್‌ಗೆ ಸಮನಾದ ಸಕ್ಕರೆ ಬಿಡಿಸುವಷ್ಟು ಕಿಣ್ವ. ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಉದಾಹರಣೆ. ಮಾದರಿ 0.41, ಸೊನ್ನೆ ಕಾಲದ ಕಂಟ್ರೋಲ್ 0.17, ವ್ಯತ್ಯಾಸ 0.24. ಮಾನಕ ರೇಖೆಯ ಇಳಿಜಾರು 0.20. ಭಾಗಿಸಿದರೆ 1.2 ಮೈಕ್ರೋಮೋಲ್. 5 ನಿಮಿಷಕ್ಕೆ ಇಷ್ಟಾದರೆ ನಿಮಿಷಕ್ಕೆ 0.24. ಇದು 0.5 ಮಿ.ಲೀ. ರಸದ್ದು, ಹಾಗಾಗಿ ಪ್ರತಿ ಮಿ.ಲೀ.ಗೆ 0.48. ರಸವನ್ನು 20 ಪಟ್ಟು ದುರ್ಬಲಗೊಳಿಸಿದ್ದರೆ ಮೂಲ ರಸದಲ್ಲಿ 9.6 ಯೂನಿಟ್. 1 ಗ್ರಾಂ ಮೊಳಕೆಯಿಂದ 10 ಮಿ.ಲೀ. ರಸ ಮಾಡಿದ್ದರಿಂದ ಗ್ರಾಂಗೆ 96 ಯೂನಿಟ್. ರಸದಲ್ಲಿ ಮಿ.ಲೀ.ಗೆ 2.4 ಮಿಲಿಗ್ರಾಂ ಪ್ರೋಟೀನ್ ಇದ್ದರೆ ವಿಶಿಷ್ಟ ಚಟುವಟಿಕೆ, ಅಂದರೆ ಪ್ರತಿ ಮಿಲಿಗ್ರಾಂ ಪ್ರೋಟೀನಿನ ಕೆಲಸ, 4 ಯೂನಿಟ್. ಪ್ರೋಟೀನನ್ನು ಬ್ರ್ಯಾಡ್‌ಫರ್ಡ್ ವಿಧಾನದಲ್ಲಿ, 595 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಲೌರಿ ವಿಧಾನದಲ್ಲಿ ರಾಗಿಯ ಫೀನಾಲ್‌ಗಳೂ ಬಣ್ಣ ಕೊಟ್ಟುಬಿಡುತ್ತವೆ.

ಹೀಗೆ ನೇರವಾಗಿ ಕಳೆದು ಭಾಗಿಸುವುದು ಸರಿಯಾಗಬೇಕಾದರೆ ಮಾದರಿ ಮತ್ತು ಕಂಟ್ರೋಲ್ ಎರಡೂ ರೇಖೆಯ ನೇರ ಭಾಗದೊಳಗೆ ಬೀಳಬೇಕು. ಕಂಟ್ರೋಲ್ ತೀರ ಕೆಳಗೆ ಬಿದ್ದರೆ ಡಿಎನ್‌ಎಸ್ ಹಾಕಿದ ಮೇಲೆ ಎಲ್ಲ ಟ್ಯೂಬ್‌ಗಳಿಗೂ ಒಂದೇ ಅಳತೆಯ ಮಾಲ್ಟೋಸ್ ಸೇರಿಸಿ ಮೇಲೆತ್ತಬಹುದು.

ಈ ಅಂಕಿ ಆಲ್ಫಾ ಮತ್ತು ಬೀಟಾ ಅಮೈಲೇಸ್ ಎರಡರದ್ದೂ ಮೊತ್ತ. ಆಲ್ಫಾ ಮಾತ್ರ ಬೇಕಿದ್ದರೆ ಕ್ಯಾಲ್ಸಿಯಂ ಇರುವ ರಸವನ್ನು 70 ಡಿಗ್ರಿಯಲ್ಲಿ 15 ನಿಮಿಷ ಇಡಿ. ಬೀಟಾ ಸಾಯುತ್ತದೆ, ಆಲ್ಫಾ ಬಹುಮಟ್ಟಿಗೆ ಉಳಿಯುತ್ತದೆ.

ವರದಿಯಲ್ಲಿ ತಳಿ, ಮೊಳಕೆಯ ದಿನ, ಪಿಎಚ್, ಉಷ್ಣಾಂಶ, ಪಿಷ್ಟದ ಪ್ರಮಾಣ, ಕುದಿಸಿದ ಸಮಯ ಮತ್ತು ಯೂನಿಟ್‌ನ ವ್ಯಾಖ್ಯೆ ಇರಲೇಬೇಕು. ಇವಿಲ್ಲದೆ '96 ಯೂನಿಟ್' ಎಂಬುದನ್ನು ಇನ್ನೊಬ್ಬರು ಯಾವುದರ ಜೊತೆಗೂ ಹೋಲಿಸಲಾರರು. ಉಳಿದ ಡಿಎನ್‌ಎಸ್ ಸಿಂಕಿಗೆ ಬೇಡ, ಹೆಸರು ಬರೆದ ತ್ಯಾಜ್ಯದ ಕ್ಯಾನಿಗೆ ಹೋಗಲಿ.

ಬೇರೆ ಮಾದರಿ, ಬೇರೆ ಕಿಣ್ವ ಹಿಡಿದವರಿಗೆ

ರಕ್ತದಲ್ಲಿ ಅಮೈಲೇಸ್ ನೋಡುವವರು ಇಡಿಟಿಎ ಹಾಕಿದ ಟ್ಯೂಬಿನ ರಕ್ತ ಬಳಸಬಾರದು. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಕಿಣ್ವವನ್ನು ಕುಂಠಿತಗೊಳಿಸುತ್ತದೆ. ಸೀರಂ ತೆಗೆದುಕೊಳ್ಳಿ. ನೀವು ಪಡೆದ ಅಂಕಿಯನ್ನು ಆಸ್ಪತ್ರೆಯ ವರದಿಯ ಪಕ್ಕದಲ್ಲಿಟ್ಟು ರೋಗ ನಿರ್ಣಯಿಸಲು ಹೋಗಬೇಡಿ, ಅಲ್ಲಿನ ಸಬ್‌ಸ್ಟ್ರೇಟೇ ಬೇರೆ, ಯೂನಿಟ್ಟೂ ಬೇರೆ.

ಕೆರೆಯ ಮಣ್ಣಿನ ಅಥವಾ ಸೀರಂನ ಫಾಸ್ಫಟೇಸ್‌ಗೆ ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್ ಬಳಸಿ. ಕಿಣ್ವ ಫಾಸ್ಫೇಟನ್ನು ಕಿತ್ತಾಗ ಉಳಿಯುವ ನೈಟ್ರೋಫಿನಾಲ್ ಕ್ಷಾರದಲ್ಲಿ ಹಳದಿ, 405 ನ್ಯಾನೋಮೀಟರ್‌ನಲ್ಲಿ ಓದಬಹುದು. ಆಮ್ಲದಲ್ಲಿ ಅದಕ್ಕೆ ಬಣ್ಣ ಇಲ್ಲವೇ ಇಲ್ಲವೆನ್ನಬಹುದು. ಆಮ್ಲ ಫಾಸ್ಫಟೇಸ್ ಅಳೆಯುವಾಗ ಕೊನೆಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಲು ಮರೆತು, ಮಣ್ಣಿನಲ್ಲಿ ಕಿಣ್ವವೇ ಇಲ್ಲ ಎಂದು ಬರೆಯುವವರಿದ್ದಾರೆ. ಮಣ್ಣಿನ ಮಾದರಿಗೆ ಕ್ಷಾರದ ಜೊತೆ ಕ್ಯಾಲ್ಸಿಯಂ ಕ್ಲೋರೈಡನ್ನೂ ಹಾಕಿ. ಇಲ್ಲದಿದ್ದರೆ ಮಣ್ಣಿನ ಹ್ಯೂಮಸ್ ಕರಗಿ ಬಂದು ಹಳದಿಯ ಮೇಲೆ ಕಂದು ಬಳಿಯುತ್ತದೆ. ಇಲ್ಲಿಯೂ ಪ್ರತಿ ಮಣ್ಣಿಗೆ ಅದರದೇ ಕಂಟ್ರೋಲ್ ಬೇಕು: ಕ್ಷಾರ ಹಾಕಿ ಕಿಣ್ವವನ್ನು ನಿಲ್ಲಿಸಿದ ಮೇಲಷ್ಟೇ ಸಬ್‌ಸ್ಟ್ರೇಟ್ ಸೇರಿಸಿದ ಟ್ಯೂಬ್.